ರೊಟ್ಟಿ ಸಂಘ

ನನ್ನ ನಾಲಿಗೆಗೆ ಮೊದಲಿನಿಂದಲೂ ಲಗಾಮಿಲ್ಲ. ಎಚ್‌ಐವಿ ತಡೆಯುವ ಕೆಲಸ ಮಾಡುವ ಸಂಘ ನನ್ನನ್ನು ಸೇರಿಸಿಕೊಂಡಿದ್ದೂ ಅದಕ್ಕೇ. ಮೈಮಾರಿ ಬದುಕುವ ಹೆಂಗಸರ ಜೊತೆ ನಾಚದೆ ಮಾತಾಡುತ್ತೇನೆ, ನಾನೂ ಅವರಲ್ಲೊಬ್ಬಳಾಗಿದ್ದವಳು. ಕಲಬುರಗಿಯ ಮೋಮಿನಪುರದ ಗಲ್ಲಿಯಲ್ಲಿ ನಮ್ಮ ಆಫೀಸು. ನಿರೋಧ್ ಹಂಚುವುದು, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಕರೆತರುವುದು ನನ್ನ ಕೆಲಸ.

ಯಾರ ಮನೆಯಲ್ಲೂ ನಿಜ ಹೇಳುವಂತಿಲ್ಲ. "ಸಂಘದಿಂದ" ಎಂದರೆ ಸಾಕು, ಊರಿಗೆ ಹತ್ತು ಸಂಘ, ಯಾವುದೋ ಒಂದು ಅಂದುಕೊಳ್ಳುತ್ತಾರೆ. ಅಷ್ಟಕ್ಕೇ ನಿಲ್ಲಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಕಮಲಾಪುರದ ಒಬ್ಬ ವಿಧವೆಗೆ ಪರೀಕ್ಷೆಯ ದಿನ ನೆನಪಿಸಲು ಫೋನ್ ಮಾಡಿದೆ. ಎತ್ತಿದವಳು ಅತ್ತೆ.

"ಯಾವ ಸಂಘ್ರೀ?"

"ರೊಟ್ಟಿ ಸಂಘ, ಯವ್ವಾ. ನಿಮ್ಮ ಸೊಸಿ ಬಡಿಯೋ ರೊಟ್ಟಿ ಸೊಲ್ಲಾಪುರತನಕ ಹೋಗ್ತಾವ!"

ಮುದುಕಿ ಹಿಗ್ಗಿದಳು. ಸಂಘ ಎಲ್ಲಿ ಎಂದು ಕೇಳಿದಳು. ಗಲ್ಲಿ, ನೀಲಿ ಬಾಗಿಲು, ಸೊಸೆ ಬರಬೇಕಾದ ದಿನ, ಎಲ್ಲ ಹೇಳಿದೆ. ಫೋನಿಟ್ಟು ಅವಳ ದನಿ ಅಣಕಿಸಿ ಆಫೀಸಿನವರನ್ನು ನಗಿಸಿದೆ ಕೂಡ.

ಪರೀಕ್ಷೆಯ ದಿನ ಮುದುಕಿ ಬಸ್ಸು ಹಿಡಿದು ಬಂದೇಬಿಟ್ಟಳು, ಕಂಕುಳಲ್ಲಿ ಜೋಳದ ಹಿಟ್ಟಿನ ಗಂಟು. "ನನಗೂ ರೊಟ್ಟಿ ಬಡ್ಯಾಕ ಬರ್ತದ, ನನ್ನೂ ಸೇರಿಸ್ಕೋರಿ." ಒಳಗೆ ಸೊಸೆ ಬೆರಳು ಚುಚ್ಚಿಸಿಕೊಳ್ಳುತ್ತ ಕೂತಿದ್ದಳು. ಓದು ಬಾರದ ಮುದುಕಿಗೆ ಗೋಡೆಯ ಚಿತ್ರಗಳು ಅರ್ಥವಾದವು, ಮೇಜಿನ ಮೇಲಿನ ನಿರೋಧ್ ಡಬ್ಬಿಯೂ. ಹಿಟ್ಟನ್ನು ಅಲ್ಲೇ ಇಟ್ಟು ಹೋದಳು. ಸೊಸೆಯ ರಕ್ತದಲ್ಲಿ ಸೋಂಕಿರಲಿಲ್ಲ. ಆ ಮಟ್ಟಿಗೆ ನಾವು ಅವಳನ್ನು ಕಾಪಾಡಿದ್ದೆವು.

ಸಂಜೆ ಮನೆಗೆ ಹೋದ ಸೊಸೆಯನ್ನು ಹೊರಗೆ ಹಾಕಿದರು, ಏಳು ವರ್ಷದ ಮಗಳನ್ನು ಒಳಗಿಟ್ಟುಕೊಂಡರು. "ನನ್ನ ಮಗಳ್ನ ತಂದ್ಕೊಡು" ಎಂದು ಅವಳು ಆಫೀಸಿಗೆ ಬಂದು ನನ್ನ ಸೆರಗು ಹಿಡಿದಳು. ನಾಚಿಕೆಯಾಗಬೇಕಾದಲ್ಲಿ ನನಗೆ ಸಿಟ್ಟು ಬಂತು, ಸೆರಗು ಕಿತ್ತುಕೊಂಡೆ. ಆದರೂ ಮರುದಿನ ಕಮಲಾಪುರಕ್ಕೆ ಹೋದೆ.

"ಬರ್ರಿ, ರೊಟ್ಟಿ ಸಂಘದವ್ರು ಬರ್ರಿ!" ಮುದುಕಿ ಓಣಿಗೆಲ್ಲ ಕೇಳುವಂತೆ ಕೂಗಿದಳು. ಮೊಮ್ಮಗಳನ್ನು ನನ್ನ ಮುಂದೆ ನಿಲ್ಲಿಸಿ ದನಿ ತಗ್ಗಿಸಿದಳು. "ಅವ್ವ ಎಲ್ಲಿ ಅಂತ ಕೇಳಾಕತ್ತಾಳ. ನೀನಾ ಹೇಳು. ಇಲ್ಲಂದ್ರ ಖರೇದ್ದು ನಾ ಹೇಳ್ತೀನಿ."

ಹೇಳಿದೆ. "ನಿಮ್ಮವ್ವ ರೊಟ್ಟಿ ಬಡ್ಯಾಕ ದೂರ ಹೋಗ್ಯಾಳ. ಇನ್ನ ಬರೂದಿಲ್ಲ."

ಹುಡುಗಿ ನನ್ನ ಕೈ ಹಿಡಿದುಕೊಂಡಳು.

"ನನಗೂ ರೊಟ್ಟಿ ಬಡ್ಯಾಕ ಬರ್ತದ್ರಿ. ನನ್ನೂ ಸೇರಿಸ್ಕೋರಿ."