ಅಂಜಿಕೆಗೆ ಹತ್ತಕ್ಕೆ ಎಷ್ಟು

ಯಾರಾದರೂ ಹತ್ತಕ್ಕೆ ಎಷ್ಟು ಎಂದು ಕೇಳಿದರೆ ನನ್ನ ಬಾಯಿಂದ ಹತ್ತು ಎಂದೇ ಬರುತ್ತದೆ. ಇದು ಸೊಕ್ಕಲ್ಲ, ಅಭ್ಯಾಸ. ಹದಡಿ ಎಂಬ ಹಳ್ಳಿಯ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಅಕ್ಷರ ಬಾರದ ಅವ್ವ ನನ್ನ ಓದನ್ನು ಅಳೆಯುತ್ತಿದ್ದುದು ಮಾರ್ಕ್ಸಿನಿಂದ ಮಾತ್ರ. ಹೆಚ್ಚು ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ಕಡಿಮೆ ಬಂದ ದಿನ ಬೈಗುಳ, ಅದನ್ನು ಮಾತ್ರ ಯಾರಿಗೂ ಹಂಚದೆ ಪೂರ್ತಿ ನನಗೇ ಕೊಡುತ್ತಿದ್ದಳು. ಹೀಗೆ ಬೆಳೆದವಳನ್ನು ಎದುರಿಗೆ ಕೂರಿಸಿಕೊಂಡು ದಾವಣಗೆರೆಯ ಮನಸ್ಸಿನ ಡಾಕ್ಟರೊಬ್ಬರು, "ನಿಮ್ಮ ಭಯಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀರಿ?" ಎಂದು ಕೇಳಿದರೆ ಇನ್ನೇನು ಹೇಳಿಯಾಳು? ಹತ್ತು ಎಂದೆ. ಎಂದಮೇಲೆ ಒಳಗೊಳಗೇ ಒಂದಿಷ್ಟು ಸಮಾಧಾನವೂ ಆಯಿತು.

ಭಯ ಬಸ್ಸಿನದು. ಆಗ ದಾವಣಗೆರೆ ಜಿಲ್ಲೆಯಾದ ಹೊಸತು. ಸರಸ್ವತಿ ನಗರದಲ್ಲಿ ಬಾಡಿಗೆ ಮನೆ ಹಿಡಿದು, ಅವ್ವನನ್ನು ಜೊತೆಗಿಟ್ಟುಕೊಂಡು, ಹರಿಹರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ದಿನಾ ಬಸ್ಸಿಗೆ ಹೋಗಿಬರುತ್ತಿದ್ದೆ. ಒಂದು ಬೆಳಿಗ್ಗೆ ಎದುರಿಗೆ ಬಂದ ಟ್ರ್ಯಾಕ್ಟರನ್ನು ತಪ್ಪಿಸಲು ಹೋಗಿ ನಮ್ಮ ಬಸ್ಸು ರಸ್ತೆ ಬಿಟ್ಟು ಗದ್ದೆಯಲ್ಲಿ ಮಗ್ಗುಲಾಗಿ ಮಲಗಿತು. ಯಾರ ಜೀವವೂ ಹೋಗಲಿಲ್ಲ. ನನ್ನ ಎಡಗೈ ಮುರಿಯಿತು, ಪ್ಲಾಸ್ಟರ್ ಹಾಕಿದರು, ಕೂಡಿತು. ಮುಗಿಯಿತೆಂದುಕೊಂಡೆವು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಾಗಲೇ ತಿಳಿದದ್ದು, ಮುರಿದದ್ದು ಇನ್ನೊಂದಿದೆ ಎಂದು.

ಬಿ.ಎ.ಯಲ್ಲಿ ನವರಸಗಳ ಮೇಲೆ ಒಂದು ಪ್ರಶ್ನೆ ಖಾಯಂ ಇರುತ್ತಿತ್ತು. ಭಯಾನಕ ರಸದ ಲಕ್ಷಣಗಳನ್ನು ನಾನು ಬಾಯಿಪಾಠ ಮಾಡಿದ್ದೆ: ನಡುಕ, ಬೆವರು, ಬಾಯಿ ಒಣಗುವುದು, ಸ್ವರ ಬದಲಾಗುವುದು. ಬರೆದು ಪಾಸಾದವಳು ಅದನ್ನು ಮರೆತೇಬಿಟ್ಟಿದ್ದೆ. ಈಗ "ಹರಿಹರ, ಹರಿಹರ" ಎಂದು ಏಜೆಂಟ್ ಕೂಗಿದ್ದೇ ತಡ, ಅವೆಲ್ಲ ಪುಸ್ತಕದಲ್ಲಿದ್ದ ಕ್ರಮದಲ್ಲೇ ಬಂದು ನನ್ನ ಮೈಮೇಲೆ ಹಾಜರಿ ಹಾಕಿದವು. ಪುಸ್ತಕದಲ್ಲಿ ಇಲ್ಲದ್ದು ಒಂದೇ: ಡೀಸೆಲ್ ವಾಸನೆ. ಬಸ್ಸು ಹೋಯಿತು. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ.

ರೈಲಿದೆಯಲ್ಲ ಎನ್ನುತ್ತೀರಿ. ಇದೆ, ಆದರೆ ಅದು ನಮ್ಮ ಶಾಲೆಯ ಗಂಟೆಯನ್ನು ಕೇಳಿ ಓಡುವುದಿಲ್ಲ. ಹೆಡ್‌ಮಾಸ್ಟರು ಒಳ್ಳೆಯವರೇ, ದಸರಾ ರಜೆ ಮುಗಿಯುವವರೆಗೆ ಕಾಯುತ್ತೇನೆ, ಆಮೇಲೂ ಬರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೇಳಿ ಕಳಿಸಿದ್ದರು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಎಂಬುದನ್ನು ಕಂಡವಳು ನಾನೇ ಮೊದಲು. ಅವ್ವನ ಕೊರಳಿನ ಸರ ನನ್ನ ಬಿ.ಇಡಿ.ಗೆ ಹೋಗಿತ್ತು. ಅಷ್ಟೆಲ್ಲ ಆಗಿ ಬಂದ ಕೆಲಸವನ್ನು ಒಂದು ಬಸ್ಸಿಗೆ ಹೆದರಿ ಕಳೆದುಕೊಳ್ಳುವುದೆಂದರೆ ಹೇಳಿಕೊಳ್ಳುವುದಕ್ಕೂ ನಾಚಿಕೆ.

ಅವ್ವ ಮೊದಲು ಶಾಮನೂರಿನಲ್ಲಿ ಒಬ್ಬರಿಂದ ಅಂತ್ರ ಕಟ್ಟಿಸಿದಳು. ತಾಯಿತ ತೋಳಿನಲ್ಲಿ, ಭಯ ಹೊಟ್ಟೆಯಲ್ಲಿ, ಒಂದಕ್ಕೊಂದು ಭೇಟಿಯಾಗಲಿಲ್ಲ. ಆಮೇಲೆ ಕೈಗೆ ಪ್ಲಾಸ್ಟರ್ ಹಾಕಿದ್ದ ಡಾಕ್ಟರೇ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಕೂರುತ್ತಿದ್ದ ಈ ಮನಸ್ಸಿನ ಡಾಕ್ಟರ್ ಮೇಡಂ ಹೆಸರು ಹೇಳಿದರು. ಬಟ್ಟೆ ಕೊಳ್ಳುವವರಂತೆ ಅತ್ತಿತ್ತ ನೋಡಿ, ನಾವಿಬ್ಬರೂ ಮಹಡಿ ಹತ್ತಿದೆವು.

ಮೇಡಂ ವಿಚಿತ್ರ ಡಾಕ್ಟರು. ಚೀಟಿ ಬರೆಯಲಿಲ್ಲ, ಕೇಳಿದರು. "ನೀವು ಇದನ್ನ ಏನಂತ ಕರೀತೀರಿ? ಭಯ ಅಂತೀರೋ, ದಿಗಿಲು ಅಂತೀರೋ?" ಕನ್ನಡ ಮೇಷ್ಟ್ರಿಗೆ ಕೇಳುವ ಪ್ರಶ್ನೆಯೇ ಇದು? ಭಯ, ಭೀತಿ, ದಿಗಿಲು, ಅಳುಕು, ಗಾಬರಿ ಎಂದು ಪಟ್ಟಿ ಒಪ್ಪಿಸಲು ಹೊರಟೆ. ಅವ್ವ ನಡುವೆ ಬಾಯಿ ಹಾಕಿ, "ಅಂಜಿಕೆ ಐತ್ರಿ ಇವ್ಳಿಗೆ" ಎಂದಳು. ಹೌದು, ಅದೇ. ಭಯ ಪುಸ್ತಕದ್ದು, ಅಂಜಿಕೆ ನನ್ನದು. ಅಂದಿನಿಂದ ಮೇಡಂ ಕೂಡ ಅಂಜಿಕೆ ಎಂದೇ ಅನ್ನುತ್ತಿದ್ದರು.

"ಔಷಧಿ ಏನು ಕೊಡ್ತೀರಿ ಮೇಡಂ?" ಎಂದೆ.

"ನೀವು ಏನು ಅನ್ಕಂಡೀರಿ? ಇಬ್ರೂ ಕೂಡಿ ನೋಡೋಣು."

ನನಗೆ ಸಿಟ್ಟೇ ಬಂತು. ಫೀಸು ಕೊಟ್ಟು ಬಂದಮೇಲೆ ಉತ್ತರ ಅವರದಲ್ಲವೇ? ಕಾಪಿ ಹೊಡೆಯದೆ ಪಾಸಾದ ನನಗೆ ಕೂಡಿ ಬರೆಯುವ ಪರೀಕ್ಷೆ ಎಂದರೆ ಹಿಡಿಸುವುದಿಲ್ಲ. ಅವ್ವನಿಗೆ ಬೇರೆಯೇ ಚಿಂತೆ: "ಅಂತ್ರ ಬಿಚ್ಚಬೇಕೇನ್ರಿ ಡಾಕ್ಟರಮ್ಮ?"

"ಯಾಕ ಬಿಚ್ತೀರಿ? ಇರ್ಲಿ. ನಿಮಗೆ ಧೈರ್ಯ ಕೊಡೋದು ಯಾವುದೂ ಹೊರಗೆ ಬ್ಯಾಡ."

ಹೀಗೆ ಅಂತ್ರವೂ ಸೇರಿತು, ಉಸಿರನ್ನು ನಿಧಾನವಾಗಿ ಬಿಡುವ ಪಾಠವೂ ಸೇರಿತು, ಅವ್ವನಿಗೂ ಒಂದು ಕುರ್ಚಿ ಖಾಯಂ ಆಯಿತು. ಮಂಡಕ್ಕಿ ಒಗ್ಗರಣೆ ಹಾಕುವವರು ಈರುಳ್ಳಿ ಹೆಚ್ಚೋ, ಹುರಿಗಡಲೆ ಪುಡಿ ಹೆಚ್ಚೋ ಎಂದು ಜಗಳ ಆಡುವುದಿಲ್ಲ. ತಿನ್ನುವವರ ಬಾಯಿ ನೋಡಿ ಹಾಕುತ್ತಾರೆ. ಮೇಡಂ ಕೈಯ ಅಳತೆ ಅಂಥದು.

ಒಂದು ಸಲ ಆ ದಿನದ ಕತೆ ಹೇಳಿ ಎಂದರು. ಹೇಳಿದೆ: ಟ್ರ್ಯಾಕ್ಟರು, ಬ್ರೇಕು, ಗಾಜಿನ ಸದ್ದು, ಕತ್ತಲು. ಅಲ್ಲಿಗೆ ನಿಲ್ಲಿಸಿದೆ.

"ಆಮೇಲೆ?"

"ಆಮೇಲೆ ಏನಿಲ್ಲ ಮೇಡಂ. ಬಸ್ಸು ಬಿತ್ತು."

"ಮತ್ತೆ ನೀವು ಇಲ್ಲಿಗೆ ಹೆಂಗೆ ಬಂದ್ರಿ?"

ಕತೆಯನ್ನು ಅರ್ಧಕ್ಕೆ ಬಿಟ್ಟ ಹುಡುಗರಿಗೆ ಅರ್ಧ ಮಾರ್ಕು ಕಡಿಯುವವಳು ನಾನು. ಆದರೆ ಮೂರು ತಿಂಗಳಿಂದ ನನ್ನ ತಲೆಯಲ್ಲಿ ಆ ಬಸ್ಸು ಬೀಳುತ್ತಲೇ ಇತ್ತು. ಅದರಿಂದ ನಾನು ಎದ್ದು ಬಂದದ್ದು ಕತೆಯಲ್ಲಿ ಇರಲೇ ಇಲ್ಲ. ನಿಧಾನವಾಗಿ ನೆನಪಾಯಿತು. ಒಳಗೆ ಯಾರದೋ ಬಳೆಯ ಕೈ ನನ್ನ ಬಲಗೈಯನ್ನು ಹಿಡಿದಿತ್ತು. ಮುಖ ಕಾಣಲಿಲ್ಲ. "ಬಿಡಬ್ಯಾಡವ್ವ, ಬಿಡಬ್ಯಾಡ" ಎನ್ನುತ್ತಿದ್ದಳು. ಹೊರಗೆ ಎಳೆದಮೇಲೆ ತನ್ನ ಸೆರಗು ಹರಿದು ನನ್ನ ಮುರಿದ ಕೈಗೆ ಜೋಲಿ ಕಟ್ಟಿದವಳೂ ಅವಳೇ. ಇದನ್ನು ಹೇಳುವಾಗ ನಾನು ಅತ್ತೆ. ಅವ್ವನೂ ಅತ್ತಳು, ಆದರೆ ಅವಳ ಅಳುವಿನಲ್ಲಿ ಬೈಗುಳ ಬೆರೆತಿತ್ತು: "ಇಷ್ಟು ಚೆಂದದ ಹೆಣ್ಮಗಳ ವಿಷ್ಯ ಒಂದಿನನೂ ಹೇಳ್ಲಿಲ್ಲಲ್ಲೇ ನೀನು."

ಅಂದು ಮೇಡಂ ಮತ್ತೆ ಹತ್ತಕ್ಕೆ ಎಷ್ಟು ಎಂದರು. ಏಳು ಎಂದೆ, ಮುಖ ಸಣ್ಣದು ಮಾಡಿಕೊಂಡು. ಮೇಡಂ ಯಾಕೆ ನಕ್ಕರೋ ಆಗ ಗೊತ್ತಾಗಲಿಲ್ಲ.

ಇನ್ನು ಬಸ್ಸು ಹತ್ತುವ ಕೆಲಸ. ಅದನ್ನು ತುಂಡು ಮಾಡಿ, ಮೊದಲ ತುಂಡು ನೀವೇ ಹೇಳಿ ಎಂದರು ಮೇಡಂ. ನನಗೆ ಹೊಳೆಯಲಿಲ್ಲ. ಅವ್ವ ಹೇಳಿದಳು: "ಕರ್ಚೀಫ್ ಹಾಕ್ಲಿ ಬಿಡ್ರಿ. ಸೀಟು ಹಿಡ್ಕಂಡ್ರೆ ಮನುಷ್ಯ ಆಮೇಲೆ ಬರ್ತಾನೆ." ನಮ್ಮ ಕಡೆ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಒಗೆದು ಜಾಗ ಹಿಡಿಯುವುದು ಗೊತ್ತಿದ್ದದ್ದೇ. ಆ ತುಂಡು ಬಟ್ಟೆಗಿರುವ ಗೌರವ ಕೆಲವು ಮನುಷ್ಯರಿಗೂ ಇರುವುದಿಲ್ಲ. ಮೇಡಂ ಒಪ್ಪಿದರು.

ದಿನಾ ಬೆಳಿಗ್ಗೆ ಹೋಗಿ ಹರಿಹರದ ಬಸ್ಸಿಗೆ ಕರ್ಚೀಫು ಹಾಕುತ್ತಿದ್ದೆ. ಉಸಿರು ಬಿಡುತ್ತ ನಿಂತು, ಬಸ್ಸು ಹೊರಡುವ ಹೊತ್ತಿಗೆ ಎಳೆದುಕೊಂಡು, ಸೀಟನ್ನು ಯಾರಾದರೂ ಮುದುಕರಿಗೆ ದಾನ ಮಾಡುತ್ತಿದ್ದೆ. ಒಂದು ದಿನ ಬಸ್ಸು ಬೇಗ ಹೊರಟಿತು. ಕರ್ಚೀಫು ಒಳಗೇ ಉಳಿಯಿತು. ಮಾರನೆಯ ದಿನ ಕಂಡಕ್ಟರು ಅದನ್ನು ಮಡಿಸಿ ಕೈಗೆ ಕೊಡುತ್ತ, "ನಿಮ್ಮ ಕರ್ಚೀಫು ಹರಿಹರ ನೋಡ್ಕಂಡು ಬಂತ್ರೀ ಟೀಚರ್ರೆ. ನೀವು ಯಾವಾಗ?" ಎಂದ.

ಒಂದು ತುಂಡು ಬಟ್ಟೆ ನನಗಿಂತ ಮುಂದೆ ಹೋದದ್ದು ಪದವೀಧರೆಗೆ ನಾಟಿತು. ಆ ವಾರ ನಿಂತ ಬಸ್ಸಿನಲ್ಲಿ ಕೂತೆ. ಮುಂದಿನ ವಾರ ಊರ ಹೊರಗಿನ ಒಂದು ಸ್ಟಾಪಿನವರೆಗೆ ಹೋಗಿ ನಡೆದು ಬಂದೆ. ಮಧ್ಯೆ ಎರಡು ದಿನ ಮತ್ತೆ ಕಂಬ ಹಿಡಿದದ್ದೂ ಉಂಟು. ಅದನ್ನು ಹೇಳಿದರೆ ಮೇಡಂ ಬೈಯಲಿಲ್ಲ, "ಕಂಬ ಗಟ್ಟಿ ಐತಿ ತಾನೆ?" ಎಂದರು.

ದಸರಾ ರಜೆ ಮುಗಿಯುವ ಮುನ್ನ ಅವ್ವನ ಜೊತೆ ಹರಿಹರಕ್ಕೆ ಹೊರಟೆ. ಆ ಗದ್ದೆ ಹತ್ತಿರವಾದಂತೆ ನನ್ನ ಬಾಯಿ ಒಣಗಿತು. ಅವ್ವನ ಕೈ ಹಿಡಿದೆ. ಅವಳ ಬಳೆ ಒತ್ತಿತು.

"ಇಲ್ಲೇ ಏನು?" ಎಂದಳು.

"ಇಲ್ಲೇ."

ಅವ್ವ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದಳು. ಬಸ್ಸು ಬಿದ್ದ ಗುರುತೇ ಇರಲಿಲ್ಲ. ಪೈರು ಎದೆಮಟ್ಟ ನಿಂತು ತೂಗುತ್ತಿತ್ತು. "ಬತ್ತ ಚೆಂದಾಗಿ ಬಂದೈತೆ" ಎಂದು ಕೂತಳು. ಅಷ್ಟರಲ್ಲಿ ಬಸ್ಸು ಅದನ್ನು ದಾಟಿ ಮುಂದೆ ಹೋಗಿತ್ತು. ಹರಿಹರದಲ್ಲಿ ಇಳಿದಾಗ ನನ್ನ ಕಾಲು ನಡುಗುತ್ತಿತ್ತು, ಆದರೆ ಕಾಲು ಹರಿಹರದಲ್ಲಿತ್ತು.

ಮುಂದಿನ ಸಲ ಮಹಡಿ ಹತ್ತಿ ಹತ್ತಕ್ಕೆ ಎರಡು ಎಂದೆ. ಈ ಸಲ ನಕ್ಕವಳು ನಾನು. ಮನೆಗೆ ಬಂದು ಅವ್ವನಿಗೆ ಬಿಡಿಸಿ ಹೇಳಿದೆ, ಇದು ಕಡಿಮೆ ಬಂದಷ್ಟೂ ಒಳ್ಳೆಯದಾದ ಪರೀಕ್ಷೆ ಎಂದು. ಅವಳು ಸ್ವಲ್ಪ ಯೋಚಿಸಿ, ಒಳಗೆ ಹೋಗಿ ಡಬ್ಬಿ ತಂದಳು. ಪಕ್ಕದ ಮನೆಯ ಬಾಗಿಲಲ್ಲಿ ಅವಳ ದನಿ ಕೇಳಿಸಿತು: "ಕೈ ಚಾಚ್ರಿ, ಸಕ್ರಿ ತಗೊಳ್ರಿ. ನಮ್ಮ ಹುಡ್ಗಿ ಫೇಲಾಗ್ಯಾಳೆ."

ಉಳಿದ ಎರಡು ಮಾರ್ಕು ಇನ್ನೂ ನನ್ನ ಹತ್ತಿರವೇ ಇವೆ. ಡ್ರೈವರು ಜೋರಾಗಿ ಬ್ರೇಕು ಹಾಕಿದಾಗ ಎದ್ದು ಕೂರುತ್ತವೆ. ಸೊನ್ನೆ ಮಾಡಿಕೊಳ್ಳಬಹುದಿತ್ತೋ ಏನೋ. ಅಷ್ಟು ಕೆಟ್ಟದಾಗಿ ಫೇಲಾಗಲು ನನಗೆ ಇನ್ನೂ ಮನಸ್ಸು ಬಂದಿಲ್ಲ.