ಎರಡನೇ ಮಹಡಿಯ ಏದುಸಿರು

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಅಜ್ಜಿಯ ಏದುಸಿರನ್ನು ಅಣಕಿಸಿ ನೆಂಟರಲ್ಲೆಲ್ಲ ಹೆಸರು ಮಾಡಿದವನು ನಾನು. ವಿಜಯನಗರದ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅಜ್ಜಿ ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತು "ಹೂಂ... ಶಿವನೇ... ಹೂಂ..." ಎನ್ನುತ್ತಾ ಹತ್ತುತ್ತಿದ್ದಳು. ನಂದಿನಿ ಲೇಔಟಿನ ಚಿಕ್ಕಮ್ಮನ ಮನೆಯ ನಾಮಕರಣದಲ್ಲಂತೂ ಮಗುವಿಗಿಂತ ನನ್ನ ಅಜ್ಜಿ ಪಾತ್ರವನ್ನೇ ಜನ ಹೆಚ್ಚು ನೋಡಿದರು. ಕೊನೆಗೆ ನಾಲಿಗೆ ಹೊರಚಾಚಿ ಕುಸಿಯುವುದು ನನ್ನ ಸ್ವಂತ ಸೇರ್ಪಡೆ. ಅಜ್ಜಿಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಹಾಗಿರುವಾಗ ಒಂದು ಸಂಜೆ ಹೊಸಹಳ್ಳಿ ಮೆಟ್ರೋದಿಂದ ನಡೆದು ಬಂದವನು ಎರಡನೇ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟೆ. ಎದೆ ಡಬಡಬ, ಕಿವಿಯೊಳಗೆ ಗುಂಯ್, ಕಾಲಿನಲ್ಲಿ ಜೀವವಿಲ್ಲ. ಕಂಬಿ ಹಿಡಿದು "ಹೂಂ..." ಎಂದೆ. ಅಲ್ಲಿನ ಮನೆಯ ಆಂಟಿ ಬಾಗಿಲು ತೆರೆದು ಚಪ್ಪಾಳೆ ತಟ್ಟಿದರು.

"ಥೇಟ್ ನಿಮ್ಮಜ್ಜಿನೇ ಕಣಪ್ಪ! 'ಶಿವನೇ' ಒಂದು ಬಿಟ್ಟೆ ನೋಡು."

"ಆಂಟಿ, ನಿಜವಾಗ್ಲೂ ಆಗ್ತಿಲ್ಲ..."

"ತಾಳು ತಾಳು, ನಮ್ಮನೆಯವರನ್ನೂ ಕರೀತೀನಿ, ಇನ್ನೊಂದ್ಸಲ ಮಾಡು."

ಮೇಲೆ ಬಂದರೆ ಅಮ್ಮ, "ನಾಟಕ ಸಾಕು, ಆ ಸಿಲಿಂಡರ್ ಒಳಗಿಡು" ಎಂದಳು. ಗೆಳೆಯನಿಗೆ ಫೋನ್ ಮಾಡಿದರೆ, "ಮಗಾ, ಸಖತ್ತಾಗಿದೆ, ರೀಲ್ ಮಾಡೋಣ ಗುರು" ಎಂದ. ನನ್ನ ಗಂಟಲಿನಲ್ಲಿ ಊರಿನವರೆಲ್ಲರ ದನಿ ಇತ್ತು, ನಂಬುವಂಥದ್ದು ಒಂದೂ ಇರಲಿಲ್ಲ.

ಹೊರಗೆ ಹೋಗುವುದನ್ನೇ ಬಿಟ್ಟೆ. ಇಳಿದರೆ ಮತ್ತೆ ಹತ್ತಬೇಕಲ್ಲ! ಇನ್ನೊಂದು ಗುಟ್ಟೂ ಇತ್ತು. ಬೆಳಗಿನ ಹೊತ್ತು ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದು ಬಾಯಿಬಿಟ್ಟರೆ ಮನೆಯವರು ನಾನು ಕೂರುವ ಭಂಗಿಯನ್ನೇ ಅಣಕಿಸುತ್ತಾರೆಂಬ ಭಯ. ಆ ವಿದ್ಯೆ ಮನೆಯವರಿಗೆ ಕಲಿಸಿದವನೂ ನಾನೇ.

ಕಡೆಗೆ ಒಬ್ಬನೇ ಬಸವೇಶ್ವರನಗರದ ಒಬ್ಬ ಡಾಕ್ಟರ ಬಳಿ ಹೋದೆ. ರಕ್ತ ಪರೀಕ್ಷೆ ನೋಡಿ ಅವರು ಮೂಗಿನಲ್ಲೇ ಮಾತಾಡಿದರು: "ರಕ್ತಹೀನತೆ ಕಣ್ರೀ, ಜೋರಾಗೇ ಇದೆ. ಕಾವೇರಿ ನೀರು ಕಮ್ಮಿ ಬಂದಾಗ ವಾಲ್ವ್‌ಮ್ಯಾನ್ ಏನ್ಮಾಡ್ತಾನೆ? ಒಂದ್ ಬೀದಿಗೆ ಬಿಟ್ಟು ಇನ್ನೊಂದಕ್ಕೆ ಬಿಗಿ ಮಾಡ್ತಾನೆ. ಮೈಯೂ ಅಷ್ಟೇ. ಮಿದುಳು, ಹೃದಯಕ್ಕೆ ಮೊದಲು ಬಿಡುತ್ತೆ. ಚರ್ಮ, ಕರುಳು, ಮೂತ್ರಪಿಂಡ ಕಾಯ್ಬೇಕು. ಅದಕ್ಕೇ ನಿಮ್ಮ ಕೈ ತಣ್ಣಗಿದೆ, ಊಟ ಸೇರ್ತಿಲ್ಲ. ಮೆಟ್ಟಿಲು ಹತ್ತುವಾಗ ಕಾಲೂ ರಕ್ತ ಕೇಳುತ್ತೆ, ಪಾಪ ಹೃದಯ ಎಷ್ಟು ಓಡಬೇಕು? ಹೀಗೇ ಬಿಟ್ರೆ ಅದೂ ಸೋಲುತ್ತೆ. ನಾಳೆನೇ ಮನೆಯವರ ಜೊತೆ ಬಂದು ಅಡ್ಮಿಟ್ ಆಗಿ."

ಮನೆಯಲ್ಲಿ ಎಲ್ಲರನ್ನೂ ಕೂರಿಸಿ, ಮೂಲವ್ಯಾಧಿಯ ಗುಟ್ಟನ್ನೂ ಮುಚ್ಚಿಡದೆ, ಇದನ್ನೆಲ್ಲ ಹೇಳಿದೆ. 'ವಾಲ್ವ್‌ಮ್ಯಾನ್' ಎನ್ನುವಷ್ಟರಲ್ಲಿ ಡಾಕ್ಟರ ಮೂಗಿನ ದನಿ ತಾನಾಗಿ ನನ್ನ ಬಾಯಿಗೆ ಬಂದುಬಿಟ್ಟಿತು. ಆಣೆಗೂ ನಾನು ಕರೆದಿರಲಿಲ್ಲ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನ ಕಣ್ಣಲ್ಲಿ ನೀರೇ ಬಂತು. "ಡಾಕ್ಟ್ರನ್ನೂ ಬಿಡಲಿಲ್ವೇನೋ, ಮೂಲವ್ಯಾಧಿ ಅಂತೆ!" ನನಗೆ ಅಳು ಬಂತು. ಅದಕ್ಕೂ ಅವರು ನಕ್ಕರು.

ನಗದವಳು ಅಜ್ಜಿ ಒಬ್ಬಳೇ. ಎದ್ದು ಬಂದು, ನನ್ನ ಗಲ್ಲ ಹಿಡಿದು, ಟ್ಯೂಬ್‌ಲೈಟಿನ ಕಡೆ ತಿರುಗಿಸಿದಳು.

"ನಾಲಿಗೆ ಚಾಚು. ನನ್ನ ಪಾತ್ರದ ಕೊನೇಲಿ ಚಾಚ್ತಿದ್ಯಲ್ಲ, ಹಂಗೆ."

ಚಾಚಿದೆ. ಅವಳು ನೋಡಿದಳು, ನನ್ನ ಕೆಳರೆಪ್ಪೆಯನ್ನೂ ಎಳೆದು ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ನಗೋದು ನಿಲ್ಸೇ. ದನಿ ಕದಿಯೋನು ಇವನು, ಒಪ್ತೀನಿ. ಈ ಬಿಳುಪು ಯಾರ ಮನೆಯಿಂದ ಕದ್ಕೊಂಡು ಬಂದ?"