ಮಾತಾಡಿಸಲು ಬಂದವರು ಮತ್ತು ಸಿಲಿಂಡರ್

ನಮ್ಮ ಕಡೆ ಬೇನೆ ಬಿದ್ದವರನ್ನು ಸುಮ್ಮನೆ ನೋಡಿ ಬರುವ ರೂಢಿ ಇಲ್ಲ. ಮಾತಾಡಿಸಿ ಬರಬೇಕು. ಬಾಳೆಹಣ್ಣಿನ ಚೀಲ ತಲೆದಿಂಬಿನ ಹತ್ತಿರ ಇಟ್ಟು, ಹಾಸಿಗೆಗೆ ಹತ್ತಿಕೊಂಡು ಕೂತು ಎಲ್ಲರೂ ಮೊದಲು ಕೇಳುವುದು ಒಂದೇ: "ನಾ ಯಾರು? ಗುರ್ತ ಹಿಡೀರಿ ನೋಡೂನು." ಹೆಸರು ಹೇಳಿದರೆ ಬಂದವರಿಗೆ ಸಮಾಧಾನ. ಹೇಳದಿದ್ದರೆ ಹೊರಗೆ ಚಪ್ಪಲಿ ಮೆಟ್ಟುವಾಗ "ಇನ್ನ ಭಾಳ ದಿನ ಇಲ್ಲ ಬಿಡ್ರಿ" ಅನ್ನುತ್ತಾರೆ.

ನನ್ನ ಮಾವನವರಿಗೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ರೋಗ. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಹಣ್ಣಿಗೆ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುವ ಕೆಲಸವನ್ನು ಅವರು ಬಹಳ ವರ್ಷ ಮಾಡಿದ್ದರು. ರೋಗ ಆ ಹೊಗೆಯಿಂದ ಬಂತೋ ಬೀಡಿಯಿಂದ ಬಂತೋ, ಡಾಕ್ಟರರಿಗೂ ಹೇಳಲಾಗಲಿಲ್ಲ. ವಿಜಯಪುರದ ಅಂಚಿನಲ್ಲಿರುವ ಇಬ್ರಾಹಿಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅವರ ಮಂಚ, ಪಕ್ಕದಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಆಕ್ಸಿಜನ್ ಮಶೀನು, ಕರೆಂಟು ಹೋದರೆ ಇರಲೆಂದು ಎರಡು ಸಣ್ಣ ಸಿಲಿಂಡರು. ಮನೆಯ ಇನ್ವರ್ಟರು ಆ ಮಶೀನಿನ ಭಾರ ತಾಳುತ್ತಿರಲಿಲ್ಲ.

ಅತ್ತೆ ಇಲ್ಲದ ಮನೆ. ಸಿಲಿಂಡರಿನ ಲೆಕ್ಕ ನನ್ನ ಪಾಲಿಗೆ ಬಂತು. ಮೀಟರಿನ ಮುಳ್ಳು ತೋರಿಸಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಒಳಗೆಷ್ಟು ಲೀಟರ್ ಉಳಿದಿದೆ ಎಂದು ಗೊತ್ತಾಗುತ್ತದೆ. ನಿಮಿಷಕ್ಕೆ ಬಿಡುವ ಲೀಟರಿನಿಂದ ಅದನ್ನು ಭಾಗಿಸಿದರೆ ಎಷ್ಟು ನಿಮಿಷ ಬಂದೀತು ಎಂದು. ದವಾಖಾನೆಯ ನರ್ಸಬಾಯಿ ಇದನ್ನು ಹೇಳಿಕೊಟ್ಟು, "ಸುಮ್ನ ಮಲಗಿದ್ರ ಎರಡ ಲೀಟರ್ ಸಾಕ್ರಿ. ಮಾತಾಡಾಕ ಹತ್ತಿದ್ರ ಮಾತ್ರ ಸಾಲಂಗಿಲ್ಲ" ಎಂದಿದ್ದರು.

ಸುಮ್ಮನೆ ಮಲಗಲು ಬಿಡುವವರು ಯಾರು? ಜೈನಾಪುರ ಮಾವನವರ ಹುಟ್ಟೂರು. ಅಲ್ಲಿಂದ ವಿಜಯಪುರದ ಸಂತೆಗೋ ಕೋರ್ಟಿಗೋ ಬಂದವರೆಲ್ಲ ನಮ್ಮ ಮನೆಗೆ ಹಾದೇ ಹೋಗುತ್ತಿದ್ದರು. ಮಶೀನಿನ ಸದ್ದಿನಲ್ಲಿ ಮಾವನವರ ಸಣ್ಣ ದನಿ ಬಂದವರಿಗೆ ಕೇಳುತ್ತಿರಲಿಲ್ಲ. ಆಗ ಮಾವ ಮಶೀನು ಬಂದ್ ಮಾಡಿಸಿ ಸಿಲಿಂಡರು ಹಚ್ಚಿಸಿಕೊಂಡು, ಕೈಚಾಚಿ ಅದರ ತಿರುಪನ್ನು ತಾವೇ ಏರಿಸಿ ಒಬ್ಬೊಬ್ಬರ ಹೆಸರು ಹೇಳುತ್ತಿದ್ದರು. ಹನುಮಪ್ಪ ಹಸಿದು ಹಗ್ಗ ಕಡಿಯುವಾಗ ಪೂಜಾರಿ ಶಾವಿಗೆ ಬೇಡಿದ ಎಂಬಂತೆ, ಉಸಿರಿಗೇ ಗತಿಯಿಲ್ಲದವರ ಹತ್ತಿರ ಇವರಿಗೆ ಮಾತು ಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಹಾ ಕೊಡುವಾಗ ಬಸಿಯನ್ನು ಬೇಕಂತಲೇ ಕುಟ್ಟಿ ಇಡುತ್ತಿದ್ದೆ. ಯಾರೂ ಏಳುತ್ತಿರಲಿಲ್ಲ.

ಒಂದು ದಿನ ಹೀಗೇ ಜೈನಾಪುರದಿಂದ ಒಂದು ಟ್ರ್ಯಾಕ್ಸ್ ಗಾಡಿ ತುಂಬ ಜನ ಬಂದು ಒಂದು ಸಿಲಿಂಡರು ಪೂರ್ತಿ ಖಾಲಿಯಾಯಿತು. ಮರುದಿನ ಬೆಳಿಗ್ಗೆ ನನ್ನ ಗಂಡ ಅದನ್ನು ಸ್ಕೂಟರಿನ ಮೇಲೆ ಇಟ್ಟುಕೊಂಡು ತುಂಬಿಸಿ ತರಲು ಹೋದರು. ಆ ಕಡೆ ಅವರು ಹೋದರು, ಈ ಕಡೆ ಕರೆಂಟು ಹೋಯಿತು. ಲೈನಿನ ಕೆಲಸವಂತೆ, ಸಂಜೆಗೇ ಬರುವುದಂತೆ. ಉಳಿದ ಸಿಲಿಂಡರು ಹಚ್ಚಿದೆ. ಮಧ್ಯಾಹ್ನ ನೋಡಿದಾಗ ಮುಳ್ಳು ಅರವತ್ತರ ಮೇಲಿತ್ತು. ಅಂದರೆ ಆರುನೂರು ಲೀಟರು. ಎರಡರಂತೆ ಬಿಟ್ಟರೆ ಐದು ತಾಸು. ಗಂಡನಿಗೆ ಫೋನು ಮಾಡಿದೆ. "ತುಂಬಿದ ಸಿಲಿಂಡರಿನ ಗಾಡಿ ಇನ್ನೂ ಬಂದಿಲ್ಲ. ಇಲ್ಲೇ ಕುಂತೇನಿ" ಎಂದರು. ಐದು ತಾಸು ಹೇಗೋ ಸಾಕಾಗುತ್ತದೆ ಎಂದುಕೊಂಡೆ.

ಅಷ್ಟರಲ್ಲಿ ಅರಕೇರಿ ಅತ್ತೆ ಬಂದರು. ಮಾವನವರ ಅಕ್ಕ, ಅರಕೇರಿಗೆ ಕೊಟ್ಟವರು. ಎರಡೂ ಕಿವಿ ಮಂದ, ಕಣ್ಣಿಗೆ ಪೊರೆ. ಮೊಮ್ಮಗ ಬಾಗಿಲವರೆಗೆ ಬಿಟ್ಟು ಹೋದ. ಅವರು ತಮ್ಮನ ಕೈ ಹಿಡಿದು ಕೂತರು. ತಾವು ಯಾರೆಂದು ಗುರುತು ಹಿಡಿಯಲು ಹೇಳಲಿಲ್ಲ. ಆಮೇಲೆ ಕೇಳಿದರು: "ತಮ್ಮಾ, ಅವ್ವ ಸಾಯೂ ಮುಂದ ನನ್ನ ನೆನಸಿದ್ಲೇನೋ?"

ಅವ್ವ ತೀರಿಕೊಂಡಾಗ ಅತ್ತೆಗೆ ಸುದ್ದಿ ಮುಟ್ಟಿದ್ದು ತಡವಾಗಿ. ಬರುವಷ್ಟರಲ್ಲಿ ಮಣ್ಣಾಗಿತ್ತು. ಆ ಹೊತ್ತಿಗೆ ಪಕ್ಕದಲ್ಲಿದ್ದವರಲ್ಲಿ ಈಗ ಉಳಿದವರು ಮಾವ ಒಬ್ಬರೇ. ಇಷ್ಟು ವರ್ಷ ಅತ್ತೆ ಇದನ್ನು ಕೇಳಿರಲಿಲ್ಲ. ಇಲ್ಲ ಅಂದುಬಿಟ್ಟರೆ ಎಂಬ ಅಂಜಿಕೆ ಇತ್ತೇನೋ.

ಮಾವ ಪಿಸುಗುಟ್ಟಿದರು. ನಾನು ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿದೆ: "ನೆನಸಿದ್ರಂತ್ರಿ." ಅತ್ತೆ ನನ್ನನ್ನು ಸರಿಸಿದರು. "ನೀ ಸುಮ್ನಿರು ಯವ್ವಾ. ಅವನ ಬಾಯಿಲೆ ಹೇಳ್ಲಿ."

ಮಾವ ಕೈಚಾಚಿ ತಿರುಪನ್ನು ಐದಕ್ಕೆ ಏರಿಸಿದರು. ನಾನು ಎರಡಕ್ಕೆ ಇಳಿಸಿದೆ. ಅವರು ಮತ್ತೆ ಐದಕ್ಕೆ ಏರಿಸಿದರು.

"ಹಿಂಗ ಬಿಟ್ರ ಎರಡ ತಾಸಿನ್ಯಾಗ ಮುಗೀತೈತ್ರಿ ಮಾವಾರ" ಎಂದೆ.

"ಮುಗೀಲಿ. ಆಕೀ ಇನ್ನೊಮ್ಮಿ ಬರಾಂಗಿಲ್ಲ."

ಹೇಳಿದರು. ನಾಲ್ಕು ಶಬ್ದಕ್ಕೊಮ್ಮೆ ನಿಂತು, ಕೆಮ್ಮಿ, ಕುತ್ತಿಗೆಯ ನರ ಉಬ್ಬಿಸಿಕೊಂಡು ಹೇಳಿದರು. ಅವ್ವ ಕಡೆಯ ದಿನ ನೀರು ಕೂಡ ಬೇಡ ಅಂದದ್ದು, ಬಾಗಿಲ ಕಡೆ ಮುಖ ಮಾಡಿ ಮಲಗಿದ್ದು, ಮಗಳ ಹೆಸರು ಹಿಡಿದು ಕರೆದದ್ದು. ಅತ್ತೆ ಅವರ ಬಾಯಿಗೆ ಕಿವಿ ಹಚ್ಚಿ ಕೇಳಿ, ತಲೆ ಆಡಿಸಿ, ಕಣ್ಣೊರೆಸಿಕೊಂಡು, "ಏನಂದ್ಲು? ಇನ್ನೊಮ್ಮಿ ಹೇಳು" ಎಂದರು. ಕಿವಿಗೆ ಬೀಳಲಿಲ್ಲವೋ, ಮತ್ತೊಮ್ಮೆ ಕೇಳುವ ಆಸೆಯೋ, ನನಗೆ ಇಂದಿಗೂ ತಿಳಿಯದು. ಮಾವ ಮೊದಲಿನಿಂದ ಶುರು ಮಾಡಿದರು.

ಮುಳ್ಳು ಕೆಂಪು ಗೆರೆಗೆ ಇಳಿದಾಗ ಆಂಬುಲೆನ್ಸಿಗೆ ಫೋನು ಮಾಡಿದೆ. ಗಂಡನಿಗೂ ಮಾಡಿದೆ. ಆಗಷ್ಟೇ ಸಿಲಿಂಡರು ಸಿಕ್ಕು ಅವರು ಹೊರಟಿದ್ದರು. ದವಾಖಾನೆಗೆ ಹೋಗಲು ತಯಾರಾಗಿ ಎಂದರೆ ಮಾವ ಕೈಯಲ್ಲೇ ಬೇಡ ಅಂದರು. ಸಿಲಿಂಡರಿಗೆ ಹಚ್ಚಿದ ಬಾಟಲಿಯ ನೀರಿನಲ್ಲಿ ಏಳುತ್ತಿದ್ದ ಗುಳ್ಳೆಗಳು ಒಂದೊಂದಾಗಿ ಕಡಿಮೆಯಾಗಿ ನಿಂತವು. ನಾನು ಬೀಸಣಿಕೆಯಿಂದ ಗಾಳಿ ಹಾಕಿದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಹಾಕಿದೆ. ತುಟಿ ನೀಲಿಯಾದವು. ಮಾತು ನಿಂತ ಮೇಲೂ ತುಟಿ ಆಡುತ್ತಲೇ ಇದ್ದವು, ಆಮೇಲೆ ಅವೂ ನಿಂತವು.

ಮೊದಲು ಬಂದದ್ದು ಗಂಡನ ಸ್ಕೂಟರು. ಭುಜದ ಮೇಲೆ ಸಿಲಿಂಡರು ಹೊತ್ತು ಓಡಿ ಬಂದು ಅಪ್ಪನ ಮುಖ ನೋಡಿದವರು ಅದನ್ನು ಕೆಳಗಿಳಿಸದೆ ಹಾಗೇ ನಿಂತರು. ಅತ್ತೆ ಇನ್ನೂ ಮಾವನವರ ಬಾಯಿಗೆ ಕಿವಿ ಹಚ್ಚಿ ಬಾಗಿದ್ದರು. ಕೈ ಎತ್ತಿ ನಮ್ಮಿಬ್ಬರಿಗೂ ಸುಮ್ಮನಿರಲು ಸನ್ನೆ ಮಾಡಿದರು.

"ತಡೀರಿ" ಎಂದರು. "ಹೇಳಾಕತ್ತಾನ."